ಎಡಗಡೆ ಎದ್ದ ಕಾಲರ್

ಫೆಬ್ರವರಿ ೩

ಬೆನ್ನಪ್ಪನವರಿಗೆ ನಮಸ್ಕಾರಗಳು.

ಈ ಹೆಸರು ಹಿಡಿದು ನಿಮ್ಮನ್ನು ಯಾರಾದರೂ ಕರೆದು ಎಷ್ಟು ಕಾಲವಾಯಿತೋ ಏನೋ. ನಾನು ಹದ್ದಮ್ಮ. ‘ಮಾವನಿಗೆ ಮೂರು ಬಾಗಿಲು’ ಚಿತ್ರದಲ್ಲಿ ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದವಳು, ಕುತ್ತಿಗೆಗೆ ಪೆನ್ಸಿಲ್ ನೇತುಹಾಕಿಕೊಂಡು ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆ ನೋಡಿ ಎಲ್ಲರ ತಪ್ಪು ಹುಡುಕುತ್ತಿದ್ದವಳು. ನಿಮ್ಮ ವಿಳಾಸವನ್ನು ಮೇಕಪ್ ಮಾಮ ಕೊಟ್ಟರು. ‘ಫೋನ್ ನಂಬರೂ ಇದೆ, ತಗೊಳ್ಳಮ್ಮ’ ಅಂದರು. ಬೇಡವೆಂದೆ. ಫೋನಿನಲ್ಲಿ ಮಾತು ತಡವರಿಸಿದರೆ ಆ ಕಡೆಯವರಿಗೆ ಕೇಳಿಸಿಬಿಡುತ್ತದೆ.

ವಿಷಯ ಇಷ್ಟು. ನಮ್ಮ ಚಿತ್ರವನ್ನು ಕಂಪನಿಯವರು ತೊಳೆದು ಬೆಳಗಿ ಮತ್ತೆ ಥಿಯೇಟರಿಗೆ ತರುತ್ತಾರಂತೆ. ಹಾಗೆ ತರುವಾಗ ಹಳೆಯ ತಪ್ಪುಗಳನ್ನೂ ಕಂಪ್ಯೂಟರಿನಲ್ಲಿ ತಿದ್ದುತ್ತಾರಂತೆ. ಇಷ್ಟು ವರ್ಷ ನೋಡಿ ನಕ್ಕವರೆಲ್ಲ ಸೇರಿ ತಪ್ಪುಗಳ ಪಟ್ಟಿ ಮಾಡಿದ್ದಾರೆ. ಈಗಿನ ಹುಡುಗರು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರಲ್ಲ, ಅವರ ಕೈಗೆ ಕೊಟ್ಟರೆ ಬ್ರಹ್ಮನ ಕೆಲಸದಲ್ಲೂ ತಪ್ಪು ಸಿಗುತ್ತದೆ. ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು ಎಂದು ಮೇ ತಿಂಗಳು ಮುಗಿಯುವುದರೊಳಗೆ ನಾನು ಬರೆದು ಕಳಿಸಬೇಕು. ನಿರ್ದೇಶಕರೂ ಇಲ್ಲ, ಹೀರೋನೂ ಇಲ್ಲ. ಕೇಳುವುದಕ್ಕೆ ಉಳಿದವಳು ನಾನೊಬ್ಬಳೇ.

ಕೆಲವನ್ನು ಓದಿ ನನಗೇ ನಗು ಬಂತು. ಊಟ ಶುರುವಾಗಿ ಮುಗಿದರೂ ಗೋಡೆ ಗಡಿಯಾರದಲ್ಲಿ ಮೂರೇ ಗಂಟೆ. ಅತ್ತೆ ಮೂರ್ಛೆ ಬೀಳುವಾಗ ಕನ್ನಡಕವಿಲ್ಲ, ಎಚ್ಚರವಾದಾಗ ಇದೆ. ಗಾಜಿನ ತೊಟ್ಟಿಯ ಮೀನು ಮೊದಲು ಕೆಂಪಗಿದ್ದದ್ದು ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೂರನೆಯ ಬಾಗಿಲು ಒಮ್ಮೆ ಒಳಕ್ಕೆ ತೆರೆಯುತ್ತದೆ, ಒಮ್ಮೆ ಹೊರಕ್ಕೆ.

ಉಳಿದವು ಅಣ್ಣನವು. ನೆನಪಿದೆಯಲ್ಲ, ಹೀರೋ ತನಗೊಬ್ಬ ಶ್ರೀಮಂತ ಅಣ್ಣನಿದ್ದಾನೆಂದು ಹೆಣ್ಣಿನ ತಂದೆಗೆ ಸುಳ್ಳು ಹೇಳಿ, ಆಮೇಲೆ ಕೋಟು ತೊಟ್ಟು ತಾನೇ ಆ ಅಣ್ಣನಾಗಿ ಇನ್ನೊಂದು ಬಾಗಿಲಿನಿಂದ ಬರುತ್ತಾನೆ. ಆ ಅಣ್ಣನನ್ನು ಹಿಂದಿನಿಂದ ತೋರಿಸುವಾಗಲೆಲ್ಲ ಹೀರೋನ ಬದಲು ಅದೇ ಕೋಟು ತೊಟ್ಟು ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಕೂತವರು ನೀವು. ಅದಕ್ಕೇ ನಿಮ್ಮ ಹೆಸರು ಬೆನ್ನಪ್ಪ ಆಯಿತು. ಹೀರೋ ಬಲಗೈಯವರು, ನೀವು ಎಡಚರು. ಅಣ್ಣ ಉಪ್ಪಿನ ಡಬ್ಬಿಯನ್ನು ಎಡಗೈಯಲ್ಲಿ ತೆಗೆದದ್ದನ್ನೂ ಹಿಡಿದಿದ್ದಾರೆ.

ಕೊನೆಯದೊಂದಿದೆ. ಊಟದ ಮೇಜಿನ ಮುಂದೆ ಅಣ್ಣನ ಕೋಟಿನ ಕಾಲರ್ ಎಡಗಡೆ ಎದ್ದು ನಿಂತಿದೆ. ಅದೇ ಕೋಟಿನಲ್ಲಿ ಹೀರೋನ ಮುಖ ತೋರಿಸುವ ಶಾಟಿನಲ್ಲಿ ಅದು ನೆಟ್ಟಗೆ ಮಲಗಿದೆ. ಮತ್ತೆ ಬೆನ್ನು ಬಂದಾಗ ಎದ್ದಿದೆ. ಅದರ ಪಕ್ಕದಲ್ಲಿ ಯಾವನೋ ಪುಣ್ಯಾತ್ಮ ಬರೆದಿದ್ದಾನೆ: ‘ಕಂಟಿನ್ಯುಟಿಯವರು ನಿದ್ದೆ ಹೊಡೀತಿದ್ರು!’

ಈ ಕಾಲರಿನ ಬಗ್ಗೆ ನಿಮಗೇನಾದರೂ ನೆನಪಿದೆಯೇ? ಇಲ್ಲದಿದ್ದರೂ ತೊಂದರೆಯಿಲ್ಲ. ಕೆಲಸದ ವಿಚಾರ, ಅದಕ್ಕೇ ಕೇಳಿದೆ.

ಇಂತಿ,
ಹದ್ದಮ್ಮ

ಫೆಬ್ರವರಿ ೨೦

ಮೇಡಂ ಅವರಿಗೆ ಬೆನ್ನಪ್ಪನ ನಮಸ್ಕಾರಗಳು.

ನಿಮ್ಮ ಕಾಗದ ನೋಡಿ ತುಂಬ ಸಂತೋಷವಾಯಿತು. ಕೈಬರಹ ಇಷ್ಟು ಚೆನ್ನಾಗಿದೆಯಲ್ಲ ಎಂದು ಬೆರಗಾಗಬೇಡಿ, ವಯಸ್ಸಾದ ಮೇಲೆ ಬುದ್ಧಿ ಬಂತು ಅಂದುಕೊಳ್ಳಿ.

ಮೀನಿನ ಕಥೆ ನನಗೆ ಗೊತ್ತು. ಆ ಕೆಂಪು ಮೀನು ದೀಪದ ಕಾವಿಗೆ ಬೆಳಿಗ್ಗೆಯೇ ಪ್ರಾಣ ಬಿಟ್ಟಿತು. ಇನ್ನೊಂದು ಮೀನು ತರಲು ಪೇಟೆಗೆ ಹೋಗುವಷ್ಟು ಹೊತ್ತಿರಲಿಲ್ಲ. ಸಾಮಾನು ನೋಡಿಕೊಳ್ಳುವವರು ಒಂದು ಕ್ಯಾರೆಟ್ಟನ್ನು ಮೀನಿನ ಆಕಾರಕ್ಕೆ ಕೆತ್ತಿ ದಾರದಲ್ಲಿ ಕಟ್ಟಿ ಇಳಿಬಿಟ್ಟರು. ಹೀರೋ ಆ ಶಾಟಿನಲ್ಲಿ ನಕ್ಕದ್ದು ನಟನೆಯಲ್ಲ. ಮಧ್ಯಾಹ್ನ ಆ ಮೀನನ್ನು ತಿಂದವನು ನಾನೇ. ಇದನ್ನು ಪಟ್ಟಿಯಲ್ಲಿ ಸೇರಿಸಿ ಬೇಕಾದರೆ.

ಹೀರೋ ಡಿಕ್ಕಿ ಹೊಡೆದು ಮೂರನೆಯ ಬಾಗಿಲು ಚೌಕಟ್ಟು ಸಮೇತ ಕಿತ್ತುಬಂದಿತ್ತು. ಬಡಗಿ ಸಿಟ್ಟಿನಲ್ಲಿ ಅದನ್ನು ತಿರುಗುಮುರುಗಾಗಿ ಕೂರಿಸಿದ. ಯಾರಿಗೂ ಅವನ ಹತ್ತಿರ ಮಾತಾಡುವ ಧೈರ್ಯವಿರಲಿಲ್ಲ, ನಿಮಗೂ ಇರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ನಾನು ಶಾಲೆಯ ಬಸ್ಸು ಓಡಿಸಿದೆ. ಅಲ್ಲೂ ಮಕ್ಕಳು ಇಷ್ಟು ವರ್ಷ ನೋಡಿದ್ದು ನನ್ನ ಬೆನ್ನನ್ನೇ. ಹಣೆಬರಹ ಬರೆದವನು ನನಗೆ ಮಾತ್ರ ಬೆನ್ನಿನ ಮೇಲೆ ಬರೆದಿರಬೇಕು. ಮನೆಯವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮಗ ಸೊಸೆಯ ಜೊತೆ ಇದ್ದೇನೆ. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಕಾಲ ಹೋಗುತ್ತಿದೆ.

ಕಾಲರಿನ ವಿಷಯ ನೆನಪಿಲ್ಲ.

ನಿಮ್ಮ ಅಕ್ಕನವರು ಚೆನ್ನಾಗಿದ್ದಾರೆಯೇ? ಅವರು ಕೊಟ್ಟುಕಳಿಸುತ್ತಿದ್ದ ಕಾಫಿ ಫ್ಲಾಸ್ಕು ನೆನಪಿದೆ.

ಇಂತಿ ನಿಮ್ಮ,
ಬೆನ್ನಪ್ಪ

ಮಾರ್ಚ್ ೧

ಬೆನ್ನಪ್ಪನವರೇ,

ಫ್ಲಾಸ್ಕು ನೆನಪಿದೆ, ಕ್ಯಾರೆಟ್ಟು ನೆನಪಿದೆ, ಬಡಗಿಯ ಸಿಟ್ಟು ನೆನಪಿದೆ. ಕಾಲರ್ ಮಾತ್ರ ನೆನಪಿಲ್ಲ. ಸರಿ.

ಆದರೆ ನನ್ನಂಥವಳ ಹತ್ತಿರ ಆಟವಾಡಬೇಡಿ. ನಿಮ್ಮ ಕಾಗದದಲ್ಲೇ ಕಂಟಿನ್ಯುಟಿ ತಪ್ಪಿದೆ. ನೀವು ಎಡಗೈಯಲ್ಲಿ ಬರೆಯುವವರು. ಬರೆದ ಸಾಲಿನ ಮೇಲೆಯೇ ನಿಮ್ಮ ಅಂಗೈ ಓಡಿ ಶಾಯಿ ಸವರಿಹೋಗುತ್ತಿತ್ತು, ಸಂಬಳದ ಹಾಳೆಗೆ ಸಹಿ ಹಾಕಿದರೂ ಮೀನು ಈಜಿದ ಹಾಗೆ ಕಾಣುತ್ತಿತ್ತು. ಈ ಕಾಗದ ಬಿಳಿಯಾಗಿ ಶುಭ್ರವಾಗಿದೆ. ದುಂಡು ಅಕ್ಷರ, ಬಲಗೈ ಬರಹ, ಪ್ರತಿ ವಾಕ್ಯಕ್ಕೂ ಚುಕ್ಕಿ. ಇದು ನೀವು ಬರೆದದ್ದಲ್ಲ. ನನಗೊಂದು ಕಾಗದ ಬರೆಯುವುದಕ್ಕೂ ನಿಮಗೆ ಬೆನ್ನಿಗೊಬ್ಬ ಬದಲಿ ಬೇಕಾಯಿತೇ?

ನಿನ್ನೆ ಅಕ್ಕನ ಜೊತೆ ಕೂತು ಚಿತ್ರ ನೋಡಿದೆ. ನಾವಿಬ್ಬರೂ ಈಗ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದೇವೆ. ಕೆಳಗೆ ಹೊಲಿಗೆ ಯಂತ್ರ ಓಡುತ್ತಿದ್ದರೆ ಟಿವಿಯ ಮಾತು ಅರ್ಧ ಕೇಳಿಸುವುದಿಲ್ಲ. ಈ ಚಿತ್ರಕ್ಕೆ ನನಗೆ ಮಾತು ಬೇಕಿಲ್ಲ. ಊಟದ ಮೇಜು ಬಂದಾಗ ಅಕ್ಕ ಹೇಳಿದಳು, ‘ಪಾಪ, ಅವನ ಕಾಲರ್ ಸರಿಮಾಡೋರು ಯಾರೂ ಇರ್ಲಿಲ್ವೇನೇ ಅಲ್ಲಿ?’ ನಾನು ಎದ್ದುಹೋಗಿ ಒಲೆ ಹಚ್ಚಿದೆ. ‘ಕೇಳಿದ್ದಕ್ಕೆ ಉತ್ತರ ಹೇಳೇ’ ಅಂತ ಅಲ್ಲಿಂದಲೇ ಕೂಗಿದಳು. ಅವಳಿಗೆ ಕಿವಿ ಮಂದ, ಬಾಯಿ ಅಲ್ಲ.

ಕಾಲರನ್ನು ತಿದ್ದಿ ಎಂದು ಬರೆದುಬಿಡುತ್ತೇನೆ. ಕಂಪ್ಯೂಟರಿನವರು ಒಂದು ಮಧ್ಯಾಹ್ನದಲ್ಲಿ ಇಸ್ತ್ರಿ ಹಾಕಿದ ಹಾಗೆ ಕೂರಿಸುತ್ತಾರಂತೆ. ಯಾರಿಗೂ ನೆನಪಿಲ್ಲದ್ದು ಇದ್ದರೇನು, ಹೋದರೇನು.

ಹದ್ದಮ್ಮ

ಏಪ್ರಿಲ್ ೯

ಬೆನ್ನಪ್ಪನವರೇ,

ಉತ್ತರವಿಲ್ಲ. ಹಿಂದಿನ ಕಾಗದದಲ್ಲಿ ನಾಲಿಗೆ ಉದ್ದವಾಯಿತು, ಕ್ಷಮಿಸಿ. ಹದ್ದಿಗೆ ಕೊಕ್ಕೂ ಇರುತ್ತದಲ್ಲ.

ಪಟ್ಟಿಯನ್ನು ಇನ್ನೂ ಕಳಿಸಿಲ್ಲ. ಆರೋಗ್ಯವಾಗಿದ್ದೇನೆ ಎಂದು ಒಂದು ಸಾಲು ಬರೆಯಿರಿ, ಯಾರ ಕೈಯಲ್ಲಿ ಬರೆಸಿದರೂ ಸರಿ.

ಹದ್ದಮ್ಮ

ಏಪ್ರಿಲ್ ೧೮

ಅಮ್ಮನವರಿಗೆ ನಮಸ್ಕಾರಗಳು.

ನಾನು ಅವರ ಸೊಸೆ. ಆ ದುಂಡು ಅಕ್ಷರ ನನ್ನದೇ. ಮಾವನಿಗೆ ಹೇಳದೆ ಈ ಕಾಗದ ಬರೆಯುತ್ತಿದ್ದೇನೆ. ತಪ್ಪೋ ಸರಿಯೋ ಗೊತ್ತಿಲ್ಲ. ನೀವಿಬ್ಬರೂ ಹೀಗೇ ಇದ್ದರೆ ನನಗೆ ಅನ್ನ ಸೇರುವುದಿಲ್ಲ, ಅದಕ್ಕೇ ಬರೆದೆ.

ಮಾವನ ಕೈ ನಡುಗುತ್ತದೆ ಅಮ್ಮ. ಎರಡು ವರ್ಷದಿಂದ ಜಾಸ್ತಿಯಾಗಿದೆ. ಲೋಟ ಅರ್ಧ ತುಂಬಿಸಿಯೇ ಕೊಡುತ್ತೇವೆ. ನಿಮಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ‘ಅವರು ನನ್ನನ್ನ ನೋಡಿರೋದು ಅಲ್ಲಾಡದೆ ಕೂತಿದ್ದಾಗ ಕಣಮ್ಮ, ಹಾಗೇ ಇರ್ಲಿ’ ಅಂದರು. ಅವರು ಹೇಳಿದ ಹಾಗೆ ನಾನು ಬರೆದೆ. ಮೀನಿನ ಕಥೆ ಹೇಳುವಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಲರಿನ ಹತ್ತಿರ ಬಂದಾಗ ನಾನು ಪೆನ್ನು ಹಿಡಿದು ಕಾದೆ. ನನ್ನ ಮುಖ ನೋಡಿದರು, ಗೋಡೆಯ ಮೇಲಿನ ಅತ್ತೆಯ ಫೋಟೋ ನೋಡಿದರು, ಆಮೇಲೆ ‘ನೆನಪಿಲ್ಲ ಅಂತ ಬರೀಮ್ಮ’ ಅಂದರು.

ನಿಮ್ಮ ಮಾರ್ಚ್ ಕಾಗದವನ್ನು ಓದಿಕೊಂಡು ದಿಂಬಿನ ಕೆಳಗಿಟ್ಟಿದ್ದಾರೆ. ಉತ್ತರ ಬರೆಯೋಣವಾ ಅಂದರೆ ನಾಳೆ ಅನ್ನುತ್ತಾರೆ. ಚಿತ್ರ ಹಾಕಿಕೊಡು ಅಂತಾರೆ, ಊಟದ ಮೇಜು ಬಂದ ಕೂಡಲೇ ನಿಲ್ಲಿಸು ಅಂತಾರೆ. ‘ಏನಿದೆ ಮಾವ ಅಲ್ಲಿ?’ ಅಂದೆ. ‘ಏನಿಲ್ಲ, ಬೆನ್ನಿದೆ’ ಅಂದರು. ಆದರೆ ಅದು ಬಂದಾಗಲೆಲ್ಲ ಅವರ ಕೈ ಕತ್ತಿನ ಹಿಂದಕ್ಕೆ ಹೋಗಲು ನೋಡುತ್ತದೆ, ಹೆಗಲವರೆಗೆ ಬಂದು ನಿಂತುಬಿಡುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಿದೆ ನಮ್ಮ ಮಾವನ ಕಥೆ.

ಅಮ್ಮ, ಅವರು ಬರೆಯಲಾರರೇ ಹೊರತು ಓದುತ್ತಾರೆ. ನಿಮಗೆ ಏನು ಬರೆಯಬೇಕೋ ಬರೆಯಿರಿ. ನಾನು ಒಡೆದು ನೋಡುವುದಿಲ್ಲ. ಅವರ ಕೈಗೆ ಕೊಟ್ಟು ಬಾಗಿಲು ಎಳೆದುಕೊಂಡು ಹೋಗುತ್ತೇನೆ. ಅತ್ತೆ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದರು, ಅವರು ಅಂಥವರು.

ನಿಮ್ಮ ಮಗಳ ಸಮಾನಳಾದ,
ಸೊಸೆ

ಏಪ್ರಿಲ್ ೨೭

ಬೆನ್ನಪ್ಪನವರೇ,

ಮಾತು ಮುರಿದಳೆಂದು ನಿಮ್ಮ ಸೊಸೆಯನ್ನು ಬೈಯಬೇಡಿ. ಬೈದರೆ ನನ್ನ ಮೇಲಾಣೆ. ನಿಮ್ಮ ಕೈಯ ಬಗ್ಗೆ ಓದಿದ ಮೇಲೆ ನಾನು ಬರೆದ ‘ಬೆನ್ನಿಗೊಬ್ಬ ಬದಲಿ’ ಎಂಬ ಮಾತು ನನ್ನನ್ನೇ ಕುಕ್ಕುತ್ತಿದೆ.

ನೆನಪಿಲ್ಲ ಎಂದಿರಿ. ಹಾಗಾದರೆ ನಾನು ಹೇಳುತ್ತೇನೆ, ಕೇಳಿ.

ಮೊದಲ ವಾರ ನಿಮ್ಮ ಕಾಲರ್ ಎಡಗಡೆ ಎದ್ದಿತ್ತು. ‘ಒಂದು ನಿಮಿಷ ಸಾರ್’ ಎಂದು ಕೂಗಿ, ದೀಪಗಳ ನಡುವೆ ದಾಟಿ ಬಂದು, ನಿಮ್ಮ ಕತ್ತಿನ ಹಿಂದೆ ಕೈಹಾಕಿ ಮಡಿಸಿದೆ. ಮಾರನೆಯ ದಿನ ಮತ್ತೆ ಎದ್ದಿತ್ತು. ಇವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಬೈದುಕೊಂಡೆ. ಕೋಟನ್ನೇ ಅನುಮಾನಿಸಿ ದರ್ಜಿಗೆ ಕೊಟ್ಟು ಒಳಗೆ ಹೊಲಿಗೆ ಹಾಕಿಸಿದೆ. ಆದರೂ ಎದ್ದಿತ್ತು. ಆಮೇಲೆ ನನಗೆ ಜ್ವರ ಬಂತು, ನನ್ನ ಬದಲು ನಿರ್ದೇಶಕರ ಅಳಿಯ ಬಂದು ಕೂತ. ವಾಸಿಯಾದ ಮೇಲೆ ಆ ದಿನಗಳ ರೀಲು ಹಾಕಿಸಿ ನೋಡಿದೆ. ಒಂದರಲ್ಲೂ ಕಾಲರ್ ಎದ್ದಿಲ್ಲ! ನಾನು ಹಿಂತಿರುಗಿದ ಬೆಳಿಗ್ಗೆ ಮತ್ತೆ ಎದ್ದಿತ್ತು.

ಆವತ್ತು ನನಗೆ ಅರ್ಥವಾಯಿತು. ಕೈ ಒಂದಿಷ್ಟು ನಿಧಾನವಾಯಿತು, ಅಷ್ಟೇ. ನೀವು ತಿರುಗಿ ನೋಡಲಿಲ್ಲ, ನಾನು ಏನೂ ಹೇಳಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಅಷ್ಟೇ, ಆ ಒಂದು ನಿಮಿಷ. ನಾನು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದದ್ದು ಆ ನಿಮಿಷಕ್ಕೆ.

ಕೊನೆಯ ದಿನ, ಕೊನೆಯ ಶಾಟು, ಊಟದ ಮೇಜು. ಕಾಲರ್ ಎದ್ದಿತ್ತು. ನನಗೆ ಕಾಣಲಿಲ್ಲ ಅಂದುಕೊಂಡಿರಾ? ಹದ್ದಮ್ಮನಿಗೆ? ಕಂಡಿತು. ‘ಒಂದು ನಿಮಿಷ’ ಬಾಯಿಯವರೆಗೆ ಬಂತು. ಆಗ ಯೋಚನೆ ಬಂತು: ಇಷ್ಟು ದಿನ ಮಡಿಸಿ ಮಡಿಸಿ ನಾನು ಎಲ್ಲವನ್ನೂ ಅಳಿಸಿಬಿಟ್ಟಿದ್ದೇನೆ. ಇದನ್ನೂ ಸರಿಮಾಡಿದರೆ ನಾಳೆಯಿಂದ ಈ ಲೋಕದಲ್ಲಿ ಎಲ್ಲಿಯೂ ನಮ್ಮದೊಂದು ಗುರುತು ಇರುವುದಿಲ್ಲ. ಸುಮ್ಮನೆ ನಿಂತೆ. ಕ್ಯಾಮೆರಾ ಓಡಿತು. ನನ್ನ ಹಾಳೆಯಲ್ಲಿ ‘ಸರಿಯಿದೆ’ ಎಂದು ಬರೆದೆ. ಅದು ನಿಮಗೆ ನಾನು ಕೊಟ್ಟ ಉತ್ತರ. ನಿಮಗೆ ತಿಳಿದೇ ತಿಳಿಯುತ್ತದೆ ಎಂದುಕೊಂಡೆ.

ಪ್ಯಾಕಪ್ ಆದ ಮೇಲೆ ಮುಂಬಾಗಿಲಿನಲ್ಲಿ ನಿಂತಿದ್ದೆ. ದೀಪದವರು ಹೋದರು, ಬಡಗಿ ಹೋದ, ಮೇಕಪ್ ಮಾಮ ಹೋದರು. ಕಾವಲುಗಾರ ಬಂದು ‘ಯಾರಿಗಮ್ಮ ಕಾಯ್ತಿದ್ದೀರಿ?’ ಅಂದ. ಯಾರಿಗೂ ಇಲ್ಲ ಅಂದೆ.

ಚಿತ್ರ ಬಂದ ಮೇಲೆ ನಿರ್ದೇಶಕರು ಎಲ್ಲರೆದುರಿಗೆ ‘ಹದ್ದಿಗೂ ಪೊರೆ ಬಂತಾ?’ ಎಂದು ಕೇಳಿದರು. ಮುಂದಿನ ಚಿತ್ರಕ್ಕೆ ಕರೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನದು ಕಾಲರಿಗೆ ಹೋಯಿತು. ಹೋಗಲಿ ಬಿಡಿ, ಅದಕ್ಕಾಗಿ ಒಂದು ದಿನವೂ ಅತ್ತವಳಲ್ಲ. ಅತ್ತದ್ದು ಬೇರೆಯದಕ್ಕೆ. ಯಾವ ಊರಿನ ಯಾವ ಟಿವಿಯಲ್ಲಿ ಆ ಚಿತ್ರ ಬಂದರೂ, ಆ ಮೇಜು ಬಂದಾಗ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ. ಈಗಲೂ. ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ, ಇದಕ್ಕಿಂತ ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಮೇ ಕೊನೆಯವರೆಗೆ ಕಾಯುತ್ತೇನೆ. ಕಾಲರ್ ಇರಲೋ ಹೋಗಲೋ, ನೀವು ಹೇಳಿ. ಅದನ್ನು ಎಬ್ಬಿಸಿದವರು ನೀವು.

ಹದ್ದಮ್ಮ

ಮೇ ೩೧

ಬೆನ್ನಪ್ಪನವರೇ,

ದಿನಾ ಅಂಚೆಯವರು ಬರುವ ಹೊತ್ತಿಗೆ ಮೆಟ್ಟಿಲಿಳಿದು ದರ್ಜಿ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ದರ್ಜಿಗೂ ಅರ್ಥವಾಗಿ ಕುರ್ಚಿ ಹಾಕಿಕೊಡಲು ಶುರುಮಾಡಿದ. ಇವತ್ತು ಕೊನೆಯ ದಿನ. ನಿಮ್ಮಿಂದ ಏನೂ ಬರಲಿಲ್ಲ.

ಈ ವಯಸ್ಸಿನಲ್ಲಿ ನಿಮಗೆ ಮುಜುಗರ ತಂದೆನೇನೋ. ಇಲ್ಲವೇ ಆ ಕಾಲರ್ ಬರೀ ಕಾಲರೇ ಆಗಿತ್ತೇನೋ, ನಾನೇ ಏನೇನೋ ಹೊಲಿದುಕೊಂಡೆನೇನೋ. ಇರಲಿ. ‘ಅವನು ಬರೆದರೆ ಬರೀಲಿ, ಬಿಟ್ಟರೆ ಬಿಡ್ಲಿ, ನಿನ್ನ ಕೆಲಸ ನೀನು ಮಾಡು’ ಎಂದು ಅಕ್ಕ ಬೈದಳು. ಮಾಡಿದೆ.

ಪಟ್ಟಿ ಕಳಿಸಿಬಿಟ್ಟೆ. ಗಡಿಯಾರ ತಿದ್ದಿ ಎಂದೆ, ಕನ್ನಡಕ ತಿದ್ದಿ ಎಂದೆ. ಮೀನನ್ನು ಬಿಡಿ ಎಂದೆ, ಅದು ಕ್ಯಾರೆಟ್ಟಿನ ಮೇಲಿನ ಮರ್ಯಾದೆಗೆ. ಕಾಲರಿನ ಮುಂದೆ, ಆವತ್ತು ಬರೆದದ್ದನ್ನೇ ಮತ್ತೆ ಬರೆದೆ. ಸರಿಯಿದೆ.

ನಿಮ್ಮ ಮಟ್ಟಿಗೆ ಅದು ಏನಾಗಿತ್ತೋ, ನನ್ನ ಮಟ್ಟಿಗೆ ಅದು ಇರಬೇಕು. ಇನ್ನು ತೊಂದರೆ ಕೊಡುವುದಿಲ್ಲ. ಕೈ ನೋಡಿಕೊಳ್ಳಿ.

ಹದ್ದಮ್ಮ

ಮೇ ೪ಕ್ಕೆ ಶುರು, ಜೂನ್ ೬ಕ್ಕೆ ಮುಗೀತು

ಮೇಡಂ,

ಇದು ನನ್ನ ಕೈ. ಎಡಗೈ. ಶಾಯಿ ಸವರಿದೆ, ನೋಡಿಕೊಳ್ಳಿ.

ದಿನಕ್ಕೆ ಒಂದು ಸಾಲು ಬರುತ್ತೆ. ಕೆಲವು ದಿನ ಅದೂ ಇಲ್ಲ. ಸೊಸೆ ಬರೆದುಕೊಡ್ತೀನಿ ಅಂದಳು. ಇದನ್ನ ಮಾತ್ರ ಬೇಡ ಅಂದೆ.

ನೆನಪಿಲ್ಲ ಅಂತ ಬರೆಸಿದ್ದು ಸುಳ್ಳು.

ಎಬ್ಬಿಸಿದ್ದು ನಾನೇ. ಎಲ್ಲಾ ದಿನವೂ. ದರ್ಜಿ ಹಾಕಿದ ಹೊಲಿಗೆ ಹಲ್ಲಿನಲ್ಲಿ ಬಿಚ್ಚಿದೆ.

ಕೊನೆ ದಿನ ನಾನು ಬೆನ್ನು ತಿರುಗಿಸಿ ಕೂತಿದ್ದೆ. ನಿಮ್ಮ ಮುಖ ನನಗೆ ಕಾಣಲಿಲ್ಲ. ನಿಮ್ಮ ಚಪ್ಪಲಿ ಸದ್ದಿಗೆ ಕಾದೆ. ಬರಲಿಲ್ಲ. ಸಾಕುಮಾಡು ಅಂತ ಹೇಳಿದಿರಿ ಅಂದುಕೊಂಡೆ.

ನೀವು ಮುಂಬಾಗಿಲಲ್ಲಿ ನಿಂತಿದ್ದಿರಿ ಅಂತ ಈಗ ಓದಿದೆ. ನಾನು ಹಿಂಬಾಗಿಲಿಂದ ಹೋದೆ. ಎಂಥಾ ಪೆದ್ದ ನೋಡಿ ನಾನು.

ಆಮೇಲೆ ಮದುವೆಯಾದೆ. ಮನೆಯವಳು ಬಂಗಾರದಂಥವಳು. ಅವಳ ಜೊತೆ ಚೆನ್ನಾಗಿ ಬಾಳಿದೆ. ಆದರೆ ಅಷ್ಟು ವರ್ಷವೂ ನನ್ನ ಕಾಲರ್ ನೆಟ್ಟಗೇ ಇತ್ತು.

ನಿಮ್ಮ ಮೇ ಕಾಗದ ನಿನ್ನೆ ಬಂತು. ಇಲ್ಲಿಂದ ಮುಂದಿನದನ್ನ ಇವತ್ತೊಂದೇ ದಿನ ಹಟ ಹಿಡಿದು ಬರೀತಿದ್ದೀನಿ. ‘ಸರಿಯಿದೆ’ ಓದಿ ಅತ್ತುಬಿಟ್ಟೆ. ಸೊಸೆ ಓಡಿಬಂದಳು. ಎಲ್ಲಾ ಹೇಳಿದೆ. ಅವಳು ನನ್ನನ್ನು ಬೈದು, ಹೋಗಿ ಟಿಕೆಟ್ ಮಾಡಿಸಿಕೊಂಡು ಬಂದಳು.

ಜೂನ್ ಹದಿನಾಲ್ಕು. ನಿಮ್ಮೂರಿಗೆ ಬರೋ ಬೆಳಗಿನ ರೈಲು. ಅವಳೂ ಬರ್ತಾಳೆ.

ನನ್ನ ಕೈ ಈಗ ಕತ್ತಿನ ಹಿಂದಕ್ಕೆ ಹೋಗಲ್ಲ. ದಿನಾ ಕಾಲರ್ ಸರಿ ಮಾಡೋದು ಸೊಸೆಯೇ. ಆವತ್ತು ಮುಟ್ಟಬೇಡಮ್ಮ ಅಂತ ಈಗಲೇ ಹೇಳಿಟ್ಟಿದ್ದೀನಿ.

ಮುಖ ನೋಡಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಅದಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಬೆನ್ನು ತಿರುಗಿಸಿಕೊಂಡು ನಿಂತಿರ್ತೀನಿ.

ಈ ಸಲ ಬನ್ನಿ.